ಹೊಸ ಬ್ಯಾಂಡ್ ಬೇಕಾದರೆ ಪ್ರೊಡ್ಯೂಸರ್ ಹೆಸರು ಓದಿ

ಇಂಡೀ ರಾಕ್ ಬ್ಯಾಂಡೊಂದರ ಹೆಸರು ದೊಡ್ಡ ಸುದ್ದಿಯಾಗುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ. ವೆಟ್ ಲೆಗ್ ಅನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಈ ಬ್ಯಾಂಡಿನ ಮೊದಲ ಸಿಂಗಲ್ ಬಂದದ್ದು 2021ರ ಜೂನ್‌ನಲ್ಲಿ, ಮೊದಲ ಆಲ್ಬಮ್ 2022ರ ಏಪ್ರಿಲ್‌ನಲ್ಲಿ, ಗ್ರ್ಯಾಮಿ ಬಂದದ್ದು 2023ರ ಫೆಬ್ರವರಿಯಲ್ಲಿ. ಗ್ರ್ಯಾಮಿ ಸುದ್ದಿಯಲ್ಲಿ ಹೆಸರು ಕೇಳಿದವರು ಇಪ್ಪತ್ತು ತಿಂಗಳು ಹಿಂದೆ ಬಿದ್ದಿದ್ದರು. ಆದರೆ ಮೊದಲ ಸಿಂಗಲ್ ಬಂದ ದಿನವೇ ಒಂದು ಸುಳಿವು ಕಣ್ಣೆದುರಿಗಿತ್ತು. ಹಾಡು ಹೊರತಂದದ್ದು ಡೊಮಿನೊ ಎಂಬ ಲೇಬಲ್, ಅಂದರೆ ರೆಕಾರ್ಡ್ ಕಂಪನಿ. ಫ್ರಾಂಜ್ ಫರ್ಡಿನಾಂಡ್, ಆರ್ಕ್ಟಿಕ್ ಮಂಕೀಸ್ ಬ್ಯಾಂಡ್‌ಗಳ ಮೊದಲ ಆಲ್ಬಮ್‌ಗಳನ್ನು ಹೊರತಂದ ಲೇಬಲ್ ಅದು. ಹಾಗಾಗಿ ನಾನು ಬ್ಯಾಂಡ್‌ಗಳಿಗಿಂತ ಹೆಚ್ಚಾಗಿ ಬ್ಯಾಂಡ್‌ಗಳ ಸುತ್ತ ಇರುವವರನ್ನು ಹಿಂಬಾಲಿಸುತ್ತೇನೆ: ಪ್ರೊಡ್ಯೂಸರ್ (ಸ್ಟುಡಿಯೊದಲ್ಲಿ ಕೂತು ರೆಕಾರ್ಡಿಗೆ ರೂಪ ಕೊಡುವವರು), ಸಣ್ಣ ಲೇಬಲ್, ಅವರು ನುಡಿಸುವ ಪುಟ್ಟ ಜಾಗ.

ಪ್ರೊಡ್ಯೂಸರ್‌ನಿಂದ ಎಷ್ಟು ಸಿಗುತ್ತದೆ ಎಂಬುದಕ್ಕೆ ಡ್ಯಾನ್ ಕ್ಯಾರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ದಕ್ಷಿಣ ಲಂಡನ್‌ನಲ್ಲಿ ಸ್ಟುಡಿಯೊ ಇಟ್ಟುಕೊಂಡು ಸ್ಪೀಡಿ ವಂಡರ್‌ಗ್ರೌಂಡ್ ಎಂಬ ಪುಟ್ಟ ಲೇಬಲ್ ನಡೆಸುವವರು ಇವರು. ಡಬ್ಲಿನ್‌ನ ಫಾಂಟೇನ್ಸ್ ಡಿ.ಸಿ.ಯ ಮೊದಲ ಮೂರು ಆಲ್ಬಮ್‌ಗಳು (2019, 2020, 2022), ಬ್ಲ್ಯಾಕ್ ಮಿಡಿಯ ಮೊದಲ ಆಲ್ಬಮ್ (2019), ಸ್ಕ್ವಿಡ್‌ನ ಮೊದಲ ಆಲ್ಬಮ್ (2021), ವೆಟ್ ಲೆಗ್‌ನ ಮೊದಲ ಆಲ್ಬಮ್‌ನ ಬಹುಪಾಲು, ಎಲ್ಲದರಲ್ಲೂ ಇವರದೇ ಹೆಸರು. ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್ (ಇದು ಒಂದೇ ಬ್ಯಾಂಡಿನ ಹೆಸರು) ಬ್ಯಾಂಡಿನ ಮೊದಲ ಸಿಂಗಲ್ ಕೂಡ 2019ರಲ್ಲಿ ಇದೇ ಲೇಬಲ್‌ನಿಂದ ಬಂತು. ಆ ನಾಲ್ಕು ವರ್ಷ ಈ ಒಂದೇ ಹೆಸರಿನ ಮೇಲೆ ಕಣ್ಣಿಟ್ಟಿದ್ದರೂ ಬ್ರಿಟನ್–ಐರ್ಲೆಂಡಿನ ಒಂದು ತಲೆಮಾರಿನ ಗಿಟಾರ್ ಸಂಗೀತದ ದೊಡ್ಡ ಪಾಲು ಕೈಗೆ ಸಿಗುತ್ತಿತ್ತು.

ಮಾಡುವ ಕ್ರಮ ಹೀಗೆ. ಇಷ್ಟವಾದ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿ, ಕ್ರೆಡಿಟ್ಸ್ ತೆರೆದು, ಪ್ರೊಡ್ಯೂಸರ್ ಹೆಸರು ಬರೆದಿಟ್ಟುಕೊಳ್ಳಿ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಈ ಜಾಗ ಅನೇಕ ಸಲ ಅರೆಬರೆ ಇರುತ್ತದೆ. ಹಾಡು ಬರೆದವರ ಹೆಸರಷ್ಟೇ ಇದ್ದು ಉಳಿದದ್ದು ಖಾಲಿ. ಆಗ ಬ್ಯಾಂಡ್‌ಗಳೇ ತಮ್ಮ ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಆ ಆಲ್ಬಮ್ ಪುಟದ ಕೊನೆಯ ಸಾಲುಗಳನ್ನು ನೋಡಿ, ಬ್ಯಾಂಡಿನವರೇ ಬರೆದ ಪೂರ್ತಿ ವಿವರ ಸಾಮಾನ್ಯವಾಗಿ ಅಲ್ಲಿರುತ್ತದೆ. ಆ ಹೆಸರನ್ನು ರೆಕಾರ್ಡ್‌ಗಳ ವಿವರ ಕೂಡಿಟ್ಟಿರುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ಹುಡುಕಿ, ವರ್ಷದ ಪ್ರಕಾರ ಹೊಸದು ಮೊದಲು ಬರುವಂತೆ ಜೋಡಿಸಿ. ಮೇಲಿನ ಸಾಲುಗಳಲ್ಲಿ ನೀವು ಕೇಳಿಯೇ ಇರದ ಹೆಸರುಗಳು, ಅದರಲ್ಲೂ ಒಂದೇ ಸಿಂಗಲ್ ಅಥವಾ ಒಂದೇ ಇ.ಪಿ. (ಕೆಲವೇ ಹಾಡುಗಳ ಚಿಕ್ಕ ರೆಕಾರ್ಡ್) ಇರುವವು, ಇದೇ ನಿಮ್ಮ ಪಟ್ಟಿ.

ಇಲ್ಲಿ ದಾರಿ ತಪ್ಪುವುದು ಎರಡು ಕಡೆ. ಮೊದಲನೆಯದು, ಮಾಸ್ಟರಿಂಗ್ ಎಂಜಿನಿಯರ್ (ಸಿದ್ಧವಾದ ಹಾಡಿನ ದನಿಗೆ ಕೊನೆಯ ಹದ ಕೊಡುವವರು) ಹೆಸರು ಹಿಡಿದು ಹೊರಡುವುದು. ಮಾಸ್ಟರಿಂಗ್ ಮಾಡುವವರು ವರ್ಷಕ್ಕೆ ನೂರಾರು ರೆಕಾರ್ಡ್ ಮುಗಿಸುತ್ತಾರೆ, ಬಂದ ಕೆಲಸ ಮಾಡುತ್ತಾರೆ. ಅಲ್ಲಿ ಆಯ್ಕೆ, ಅಭಿರುಚಿ ಯಾವುದೂ ಕಾಣುವುದಿಲ್ಲ. ಮಿಕ್ಸಿಂಗ್, ಅಂದರೆ ವಾದ್ಯಗಳ, ಗಾಯನದ ದನಿಗಳನ್ನು ಹದವಾಗಿ ಬೆರೆಸುವ ಕೆಲಸ, ಮಾಡಿದವರ ಹೆಸರೂ ಬಹುಮಟ್ಟಿಗೆ ಹಾಗೆಯೇ. ಪ್ರೊಡ್ಯೂಸರ್ ಮಾತ್ರ ಬ್ಯಾಂಡಿನ ಜತೆ ವಾರಗಟ್ಟಲೆ ಕೂರಬೇಕು, ಆದ್ದರಿಂದ ಇಷ್ಟವಿಲ್ಲದ್ದನ್ನು ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ. ಎರಡನೆಯದು, ಹೆಸರು ಮಾಡಿದ ಪ್ರೊಡ್ಯೂಸರ್‌ಗಳು. ಜೇಮ್ಸ್ ಫೋರ್ಡ್ 2024ರಲ್ಲಿ ದ ಲಾಸ್ಟ್ ಡಿನ್ನರ್ ಪಾರ್ಟಿಯ ಮೊದಲ ಆಲ್ಬಮ್ಮನ್ನೂ ಮಾಡಿಕೊಟ್ಟರು, ಫಾಂಟೇನ್ಸ್ ಡಿ.ಸಿ.ಯ ನಾಲ್ಕನೆಯದನ್ನೂ ಮಾಡಿಕೊಟ್ಟರು. ಇಂಥವರ ಪಟ್ಟಿಯಲ್ಲಿ ದೊಡ್ಡವರೇ ತುಂಬಿರುತ್ತಾರೆ. ಅಲ್ಲಿ ಮೊದಲ ಆಲ್ಬಮ್‌ಗಳನ್ನಷ್ಟೇ ಹೆಕ್ಕಿಕೊಂಡು ಉಳಿದದ್ದನ್ನು ಬಿಡಿ.

ಎರಡನೇ ಮೂಲ ಸಣ್ಣ ವೇದಿಕೆಗಳು. ಲಂಡನ್‌ನ ಬ್ರಿಕ್ಸ್‌ಟನ್‌ನಲ್ಲಿರುವ ದ ವಿಂಡ್‌ಮಿಲ್ ಎಂಬ ಪಬ್‌ನಲ್ಲಿ ಹಿಡಿಸುವುದು ಸುಮಾರು 150 ಜನ. ಬ್ಲ್ಯಾಕ್ ಮಿಡಿ, ಸ್ಕ್ವಿಡ್, ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್ ಮೂರೂ ಅಲ್ಲಿ ನುಡಿಸುತ್ತಲೇ ಬೆಳೆದವು. ಮೈಸೂರಿನಲ್ಲಿ ಕೂತವರಿಗೂ ಆ ಜಾಗದ ತಿಂಗಳ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಪೋಸ್ಟರ್‌ನಲ್ಲಿ ಮೇಲಿನ ಹೆಸರು ಬಿಟ್ಟು ಕೆಳಗಿನ ಎರಡು ಹೆಸರು ನೋಡಿ. ಒಂದೇ ಹೆಸರು ಬೇರೆ ಬೇರೆ ಬ್ಯಾಂಡ್‌ಗಳ ಕೆಳಗೆ ಮೂರ್ನಾಲ್ಕು ತಿಂಗಳಲ್ಲಿ ಮತ್ತೆ ಮತ್ತೆ ಬಂದರೆ, ಇತರ ಸಂಗೀತಗಾರರೇ ಅವರನ್ನು ಬಯಸಿ ಕರೆಯುತ್ತಿದ್ದಾರೆ ಎಂದು ತಿಳಿಯಬಹುದು. ನನ್ನ ಮಟ್ಟಿಗೆ ಯಾವ ವಿಮರ್ಶೆಗಿಂತಲೂ ಇದು ನಂಬಿಕೆಯ ಗುರುತು. ಪ್ರತಿ ಮೇ ತಿಂಗಳು ಬ್ರೈಟನ್‌ನಲ್ಲಿ ನಡೆಯುವ ದ ಗ್ರೇಟ್ ಎಸ್ಕೇಪ್ ಉತ್ಸವದ ಪಟ್ಟಿಯನ್ನೂ ಹೀಗೇ ಬಳಸಬಹುದು, ಆದರೆ ಅಲ್ಲಿ ನೂರಾರು ಹೆಸರಿರುತ್ತವೆ. ಒಂದು ಬ್ಯಾಂಡಿಗೆ ಒಂದೇ ಹಾಡು ಎಂದು ಪ್ಲೇಲಿಸ್ಟ್ ಮಾಡಿಕೊಳ್ಳಿ. ಲೈವ್ ರೆಕಾರ್ಡಿಂಗ್ ಇದ್ದರೆ ಅದನ್ನೇ ಹಾಕಿ. ಸ್ಟುಡಿಯೊದಲ್ಲಿ ಮುಚ್ಚಿಹೋಗುವ ಡ್ರಮ್ಮರ್‌ನ ಅಳುಕು ಲೈವ್‌ನಲ್ಲಿ ಮೊದಲ ನಿಮಿಷದಲ್ಲೇ ತಿಳಿಯುತ್ತದೆ. ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊದ ಯೂಟ್ಯೂಬ್ ಸೆಷನ್‌ಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಆ ರೇಡಿಯೊವನ್ನು ಇಲ್ಲಿಂದಲೇ ಉಚಿತವಾಗಿ ಕೇಳಬಹುದು. ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಬೇಸಿಗೆ ಕಾಲದಲ್ಲಿ ಅವರ ಬೆಳಗಿನ 8 ಗಂಟೆ ನಮ್ಮ ರಾತ್ರಿ 8.30.

ಇಷ್ಟನ್ನೂ ಇನ್‌ಸ್ಟಾಗ್ರಾಮ್ ಮೇಲೆ ಭಾರ ಹಾಕಿ ನಡೆಸಲು ಹೋದರೆ ಕೆಡುತ್ತದೆ. ಅಲ್ಲಿ ಸಣ್ಣ ಬ್ಯಾಂಡಿನ ಗಿಗ್ (ಕಾರ್ಯಕ್ರಮ) ಪೋಸ್ಟ್ ಕಾಣಿಸುವುದು ಗಿಗ್ ಮುಗಿದ ಮೇಲೆ. ನಾನು ಬಳಸುವುದು ಆರ್‌ಎಸ್‌ಎಸ್ ಫೀಡ್, ಅಂದರೆ ಜಾಲತಾಣಗಳಲ್ಲಿ ಹೊಸದಾಗಿ ಬಂದದ್ದನ್ನು ಒಂದೇ ಕಡೆ ತಂದುಕೊಡುವ ವ್ಯವಸ್ಥೆ. ಅದನ್ನು ಓದಲು ಫೀಡ್ಲಿ ಅಥವಾ ಇನೊರೀಡರ್ ಎಂಬ ರೀಡರ್‌ನ ಉಚಿತ ಖಾತೆಯೇ ಸಾಕು. ಯೂಟ್ಯೂಬ್‌ನ ಪ್ರತಿ ಚಾನೆಲ್‌ಗೂ ಫೀಡ್ ಇದೆ. ಚಾನೆಲ್ ವಿಳಾಸ ಅಂಟಿಸಿದರೆ ರೀಡರ್ ತಾನೇ ಹುಡುಕಿಕೊಳ್ಳುತ್ತದೆ. ಆ ಫೀಡ್ ಕೊನೆಯ 15 ವಿಡಿಯೊಗಳನ್ನಷ್ಟೇ ಕೊಡುತ್ತದೆ, ಹಳೆಯದು ಬೇಕಾದರೆ ಚಾನೆಲ್‌ಗೇ ಹೋಗಬೇಕು. ಲೇಬಲ್‌ಗಳ ಚಾನೆಲ್ ಹಾಕಿಕೊಳ್ಳಿ, ಬ್ಯಾಂಡ್‌ಗಳದ್ದಲ್ಲ. ಇಪ್ಪತ್ತು ಲೇಬಲ್ ಇನ್ನೂರು ಬ್ಯಾಂಡ್‌ಗಳ ಕೆಲಸ ಮಾಡುತ್ತದೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಫಾಲೋ ಮಾಡಿದರೆ ಇಮೇಲ್ ಬರುತ್ತದೆ, ಅದಕ್ಕೊಂದು ಫಿಲ್ಟರ್ ಹಾಕಿ ಪ್ರತ್ಯೇಕ ಫೋಲ್ಡರ್‌ಗೆ ತಳ್ಳಿ, ಶುಕ್ರವಾರ ಒಟ್ಟಿಗೆ ನೋಡಿ. 2015ರ ಜುಲೈನಿಂದ ಜಗತ್ತಿನಾದ್ಯಂತ ಹೊಸ ಆಲ್ಬಮ್ ಬರುವ ದಿನ ಶುಕ್ರವಾರವೇ ಆಗಿರುವುದರಿಂದ ವಾರದ ಉಳಿದ ದಿನ ಹುಡುಕಾಡುವ ಅಗತ್ಯವಿಲ್ಲ. ಇನ್‌ಸ್ಟಾಗ್ರಾಮ್ ಬೇಕೇ ಬೇಕೆಂದರೆ ಫೇವರಿಟ್ಸ್ ಪಟ್ಟಿ ಮಾಡಿಕೊಳ್ಳಿ. ಅದರಲ್ಲಿ 50 ಖಾತೆಗಳಿಗೆ ಜಾಗ, ಪೋಸ್ಟ್‌ಗಳು ಕಾಲಾನುಕ್ರಮದಲ್ಲಿ ಬರುತ್ತವೆ.

ಸ್ಪಾಟಿಫೈನ ಮಾಸಿಕ ಕೇಳುಗರ ಸಂಖ್ಯೆ ನೋಡಿ ಬ್ಯಾಂಡನ್ನು ಅಳೆಯಬೇಡಿ. ಅದು ಹಿಂದಿನ 28 ದಿನಗಳಲ್ಲಿ ಒಮ್ಮೆಯಾದರೂ ಕೇಳಿದವರ ಲೆಕ್ಕ. ಒಂದು ದೊಡ್ಡ ಪ್ಲೇಲಿಸ್ಟ್‌ಗೆ ಹಾಡು ಸೇರಿದರೆ ಏರುತ್ತದೆ, ತೆಗೆದರೆ ಇಳಿಯುತ್ತದೆ. 2025ರ ಜೂನ್‌ನಲ್ಲಿ ದ ವೆಲ್ವೆಟ್ ಸನ್‌ಡೌನ್ ಎಂಬ ಬ್ಯಾಂಡ್ ಎಲ್ಲಿಂದಲೋ ಬಂದು ಒಂದೇ ತಿಂಗಳಲ್ಲಿ ಎರಡು ಆಲ್ಬಮ್ ಹಾಕಿತು, ಕೇಳುಗರು ಹತ್ತು ಲಕ್ಷ ದಾಟಿದರು. ಅದರ ವಕ್ತಾರ ತಾನೆಂದು ಹೇಳಿಕೊಂಡವನೊಬ್ಬ ಪತ್ರಿಕೆಯವರಿಗೆ ಸಂದರ್ಶನ ಕೊಟ್ಟ. ಆಮೇಲೆ ಅವನಿಗೂ ಬ್ಯಾಂಡಿಗೂ ಸಂಬಂಧವೇ ಇಲ್ಲ ಎಂದಾಯಿತು. ಜುಲೈನಲ್ಲಿ ಅವರ ಪುಟವೇ ಅದು ಎಐನಿಂದ ಮಾಡಿದ ಸಂಗೀತ ಎಂದು ಒಪ್ಪಿಕೊಂಡಿತು. ಅಂದಿನಿಂದ ಅಪರಿಚಿತ ಹೆಸರು ಸಿಕ್ಕಾಗ ಮೂರು ಸಂಗತಿ ನೋಡುವುದು ನನ್ನ ಅಭ್ಯಾಸ. ಯಾವುದಾದರೂ ವೇದಿಕೆಯ ಸ್ವಂತ ಪುಟದಲ್ಲಿ ಇವರ ಕಾರ್ಯಕ್ರಮದ ದಿನಾಂಕ ಇದೆಯೇ, ಪ್ರೊಡ್ಯೂಸರ್ ಅಥವಾ ಸ್ಟುಡಿಯೊದವರು ಈ ಕೆಲಸವನ್ನು ತಮ್ಮದೆಂದು ಹೇಳಿಕೊಂಡಿದ್ದಾರೆಯೇ, ಪ್ರೇಕ್ಷಕರು ಫೋನಿನಲ್ಲಿ ತೆಗೆದ ಅಲುಗಾಡುವ ವಿಡಿಯೊ ಒಂದಾದರೂ ಸಿಗುತ್ತದೆಯೇ. ಮೂರೂ ಇಲ್ಲವೆಂದರೆ ಕೈಬಿಡಿ.

ಬ್ಯಾಂಡ್ ಒಡೆದ ಸುದ್ದಿಗೂ ಇಂಥದೇ ಎಚ್ಚರ ಬೇಕು. ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್‌ನ ಗಾಯಕ ಐಸಾಕ್ ವುಡ್ ಹೊರನಡೆದದ್ದು 2022ರ ಜನವರಿ 31ರಂದು ತಿಳಿಯಿತು, ಎರಡನೇ ಆಲ್ಬಮ್ ಬರಲು ನಾಲ್ಕೇ ದಿನ ಇದ್ದಾಗ. ಅದು ಬ್ಯಾಂಡಿನ ಸ್ವಂತ ಖಾತೆಯಲ್ಲಿ, ಅವರದೇ ಹೇಳಿಕೆಯಾಗಿ ಬಂತು, ಅನುಮಾನಕ್ಕೆ ಜಾಗವಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಬ್ಲ್ಯಾಕ್ ಮಿಡಿ ಮುಗಿಯಿತೆಂಬ ಸುದ್ದಿ ಹೊರಬಿದ್ದದ್ದು ಗಾಯಕ ಜಾರ್ಡಿ ಗ್ರೀಪ್ ಅವರ ಇನ್‌ಸ್ಟಾಗ್ರಾಮ್ ಲೈವ್‌ನಲ್ಲಿ. ಅಂಥದ್ದು ಕಂಡಾಗ ನಾನು ಬ್ಯಾಂಡಿನ ಇನ್ನೊಬ್ಬ ಸದಸ್ಯ ಅಥವಾ ಲೇಬಲ್ ಬಾಯಿಬಿಡುವವರೆಗೆ ಯಾರಿಗೂ ಹಂಚುವುದಿಲ್ಲ.

ಹೊಸ ಆಲ್ಬಮ್ ಬರುವುದನ್ನು ಮೊದಲೇ ತಿಳಿಯಲು ಸೆಟ್‌ಲಿಸ್ಟ್.ಎಫ್‌ಎಂ ಸಾಕು. ಯಾವ ಕಾರ್ಯಕ್ರಮದಲ್ಲಿ ಯಾವ ಹಾಡು ನುಡಿಸಿದರೆಂದು ಕೇಳುಗರೇ ದಾಖಲಿಸುವ ಜಾಲತಾಣ ಅದು. ಯಾವ ಆಲ್ಬಮ್‌ನಲ್ಲೂ ಇಲ್ಲದ ಎರಡು ಮೂರು ಹಾಡು ಸತತ ಕಾರ್ಯಕ್ರಮಗಳಲ್ಲಿ ಕಂಡರೆ ಬ್ಯಾಂಡ್ ಹೊಸ ರೆಕಾರ್ಡಿನ ಕೆಲಸದಲ್ಲಿದೆ. ಒಂದೇ ಸಲ ಕಂಡರೆ ಅದು ಬೇರೆಯವರ ಹಾಡಿನ ಕವರ್ ಆಗಿರಬಹುದು.

ಇನ್ನು ದುಡ್ಡಿನ ಮಾತು. ಸಣ್ಣ ಬ್ಯಾಂಡಿಗೆ ನಿಜಕ್ಕೂ ದುಡ್ಡು ತಲುಪಬೇಕೆಂದರೆ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಳ್ಳಿ. ಸ್ಪಾಟಿಫೈನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವೂ ಕೇಳದ ಹಾಡಿಗೆ 2024ರಿಂದ ಏನೂ ಸಿಗುವುದಿಲ್ಲ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ 15, ರೆಕಾರ್ಡ್–ಟೀಶರ್ಟ್‌ಗಳಲ್ಲಿ ಶೇ 10 ಇಟ್ಟುಕೊಳ್ಳುತ್ತದೆ. 2020ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೆ ದಿನಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತದೆ. ಆ ದಿನವನ್ನು ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದಲ್ಲಿ ಎಣಿಸುತ್ತಾರೆ. ನಮಗೆ ಅದು ಅಲ್ಲಿನ ಬೇಸಿಗೆ ಕಾಲದಲ್ಲಿ ಶುಕ್ರವಾರ ಮಧ್ಯಾಹ್ನ 12.30ರಿಂದ ಶನಿವಾರ 12.30ರವರೆಗೆ, ಚಳಿಗಾಲದಲ್ಲಿ 1.30ರಿಂದ 1.30. ಶುಕ್ರವಾರ ಬೆಳಿಗ್ಗೆಯೇ ಕೊಂಡರೆ ಆ ಲಾಭ ಬ್ಯಾಂಡಿಗೆ ಸಿಗುವುದಿಲ್ಲ. ಕಾರ್ಡ್ ತಿರಸ್ಕಾರವಾದರೆ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟು ಆನ್ ಆಗಿದೆಯೇ ನೋಡಿ. 2020ರ ಮಾರ್ಚ್ ನಂತರ ಕೊಟ್ಟ ಕಾರ್ಡ್‌ಗಳಲ್ಲಿ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು. ಒಂದೊಂದು ಹಾಡಿಗೆ ಬಿಡಿಬಿಡಿಯಾಗಿ ಪಾವತಿಸದೆ ಎಲ್ಲವನ್ನೂ ಕಾರ್ಟ್‌ಗೆ ಹಾಕಿ ಒಮ್ಮೆಗೇ ಕೊಡಿ. ವಿನೈಲ್ ತರಿಸುವಾಗ ಅಂಚೆ ವೆಚ್ಚ ಎಷ್ಟೋ ಸಲ ರೆಕಾರ್ಡಿನ ಬೆಲೆಯನ್ನು ಮೀರುತ್ತದೆ, ಕಸ್ಟಮ್ಸ್ ಬೇರೆ. ಗೆಳೆಯರು ನಾಲ್ಕೈದು ಜನ ಸೇರಿ ಒಂದೇ ಲೇಬಲ್‌ನಿಂದ ತರಿಸುವುದು ಲೇಸು.

ಬೆಂಗಳೂರಿನ ಬ್ಯಾಂಡ್‌ಗಳಿಗೆ ಈ ಕ್ರಮವನ್ನು ಸ್ವಲ್ಪ ಬದಲಿಸಬೇಕು. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಿಂದ, ಪರ್ವಾಜ್ 2010ರಿಂದ ನುಡಿಸುತ್ತಿದ್ದರೂ ಇಲ್ಲಿ ಲೇಬಲ್‌ನ ಜಾಡು ತೆಳು. ಬಹುತೇಕರು ಸ್ವಂತ ಖರ್ಚಿನಲ್ಲಿ ಹಾಡು ಹೊರತರುತ್ತಾರೆ. ಹಾಗಾಗಿ ಲೇಬಲ್ ಬದಲು ಡ್ರಮ್ಮರ್, ಬೇಸ್ ನುಡಿಸುವವರ ಹೆಸರು ಹಿಡಿಯಿರಿ. ಒಬ್ಬರೇ ಎರಡು ಮೂರು ಬ್ಯಾಂಡ್‌ಗಳಲ್ಲಿ ನುಡಿಸುವುದು ಇಲ್ಲಿ ಮಾಮೂಲು, ಒಂದು ಹೆಸರಿನಿಂದ ಇನ್ನೆರಡು ಬ್ಯಾಂಡ್ ಸಿಗುತ್ತವೆ. ಟಿಕೆಟ್ ಮಾರುವ ಸ್ಕಿಲ್‌ಬಾಕ್ಸ್, ಬುಕ್‌ಮೈಶೋಗಳಲ್ಲಿ ಮುಖ್ಯ ಬ್ಯಾಂಡಿನ ಹೆಸರಷ್ಟೇ ದೊಡ್ಡದಾಗಿ ಇರುತ್ತದೆ. ಮೊದಲು ನುಡಿಸುವವರು ಯಾರೆಂದು ಜಾಗದವರ ಪುಟದಲ್ಲಿ ನೋಡಿಕೊಂಡು, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ನೆಲಕ್ಕೆ ಅಂಟಿಸಿದ ಹಾಡುಗಳ ಚೀಟಿಯ ಫೋಟೊ ತೆಗೆದುಕೊಂಡು ಅದೇ ರಾತ್ರಿ ಸೆಟ್‌ಲಿಸ್ಟ್.ಎಫ್‌ಎಂಗೆ ಹಾಕಿ, ಏಕೆಂದರೆ ಇಲ್ಲಿನ ಕಾರ್ಯಕ್ರಮಗಳ ದಾಖಲೆ ಅಲ್ಲಿ ಬಹಳ ಕಡಿಮೆ. ಚೀಟಿಯಲ್ಲಿ ಹಾಡುಗಳ ಅಡ್ಡಹೆಸರು, ಮೊದಲಕ್ಷರ ಇರುತ್ತವೆ, ಹಾಗೆಯೇ ನಕಲು ಮಾಡಬೇಡಿ. ನಿಜವಾದ ಹೆಸರನ್ನು ಬ್ಯಾಂಡಿನವರನ್ನೇ ಕೇಳಿ. ಹೆಸರಿಡದ ಹೊಸ ಹಾಡಿದ್ದರೆ ಆ ಸ್ಥಾನ ಬಿಡದೆ ‘ಅನ್‌ನೋನ್’ ಎಂದು ಹಾಕಿ, ಹೆಸರು ಗೊತ್ತಾದಾಗ ತಿದ್ದಿದರಾಯಿತು.