ಸದು ಪಟ್ಟಿಯೊಳಗೆ ಯುರೋಪಿನ ಬಳ್ಳಿ

ಕುವೈತ್‌ಗೆ ಬಂದ ಮೇಲೆ ನಾನು ಮನಸ್ಸಿಟ್ಟು ಕಲಿತದ್ದು ಸದು ನೇಯ್ಗೆ. ಡೇರೆಯ ಅಡ್ಡಪರದೆ, ಒಂಟೆಯ ಚೀಲ, ಒರಗುವ ದಿಂಬು, ಎಲ್ಲವನ್ನೂ ಮರುಭೂಮಿಯ ಅಲೆಮಾರಿಗಳಾದ ಬೆದೂಯಿನ್ ಹೆಂಗಸರು ನೆಲಕ್ಕೆ ಹಾಸಿದ ಮಗ್ಗದಲ್ಲೇ ನೇಯ್ದುಕೊಳ್ಳುತ್ತಿದ್ದರು. ಕುರಿ ಉಣ್ಣೆ, ಆಡಿನ ಕೂದಲು, ಒಂಟೆ ಕೂದಲು ಇದ್ದರೆ ಸಾಕು. ಸೌದಿ ಮತ್ತು ಕುವೈತ್‌ನ ಸದು 2020ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಇದರ ಜೊತೆ ಯುರೋಪಿನ ಬಳ್ಳಿ, ಎಲೆಗಳ ಅಲಂಕಾರ ಸೇರಿಸಿ ಮೇಜಿನ ಹಾಸು ಮಾಡುತ್ತಿದ್ದೇನೆ. ಎರಡನ್ನೂ ಸುಮ್ನೆ ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಸೇರುವುದಿಲ್ಲ. ಬಳ್ಳಿ ಸದು ನೇಯ್ಗೆಯ ರಚನೆಗೆ ಒಗ್ಗಬೇಕು, ಅದು ನನ್ನ ನಿಯಮ.

ಆ ರಚನೆ ಹೀಗಿದೆ. ಬಟ್ಟೆಯ ಮೇಲೆ ಕಾಣುವುದೆಲ್ಲ ಹಾಸಿನ ಎಳೆ, ಅಂದರೆ ಮಗ್ಗದ ಉದ್ದಕ್ಕೆ ಕಟ್ಟುವ ಎಳೆ. ಅಡ್ಡಕ್ಕೆ ಹಾಯುವ ಹೊಕ್ಕು ಒಳಗೆ ಅಡಗಿರುತ್ತದೆ. ಹಾಗಾಗಿ ಯಾವ ಬಣ್ಣ ಎಲ್ಲಿ ಅನ್ನೋದು ಹಾಸು ಕಟ್ಟುವಾಗಲೇ ತೀರ್ಮಾನ ಆಗಿಬಿಡುತ್ತದೆ. ಚಿತ್ತಾರ ಬರುವ ಶಜರಾ ಪಟ್ಟಿಯಲ್ಲಿ ಪ್ರತಿ ಜಾಗಕ್ಕೂ ಒಂದು ಕಪ್ಪು, ಒಂದು ಬಿಳಿ ಎಳೆಯ ಜೋಡಿ. ಬೇಕಾದ್ದನ್ನು ಬೆರಳಲ್ಲಿ ಮೇಲೆತ್ತುತ್ತೇವೆ. ಬೇಡದ್ದು ಹಿಂಬದಿಯಲ್ಲಿ ಸಡಿಲವಾಗಿ ಉಳಿಯುತ್ತದೆ. ಆಮೇಲೆ ಜಿಂಕೆ ಕೊಂಬಿನಿಂದ ಹೊಕ್ಕನ್ನು ಬಿಗಿಯಾಗಿ ಕೂರಿಸುತ್ತೇವೆ.

ಒಂದೇ ಬಣ್ಣ ಉದ್ದಕ್ಕೆ ಓಡಿದರೆ ಹಿಂದಿನ ಎಳೆ ಜೋತುಬಿದ್ದು ಬೆರಳಿಗೆ, ಬಳೆಗೆ ಸಿಕ್ಕಿಕೊಳ್ಳುತ್ತದೆ. ನನಗೆ ಕಲಿಸಿದ ಹಿರಿಯ ಖಾಲಾ (ಚಿಕ್ಕಮ್ಮ ಅನ್ನುವ ಅರಬ್ಬಿ ಮಾತು) ಯಾರ ನೇಯ್ಗೆಯನ್ನಾದರೂ ಮೊದಲು ಮಗುಚಿ ಹಿಂಬದಿಯನ್ನೇ ನೋಡುತ್ತಿದ್ದರು. ಅದಕ್ಕೇ ಬಳ್ಳಿಯ ದಂಟನ್ನು ನೇರವಾಗಿ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ತಿರುಗಿಸಿದೆ. ಎಲೆಗಳಿಗೆ ಸದುವಿನ ಇನ್ನೊಂದು ಪಟ್ಟಿಯಾದ ಉವೈರ್ಜಾನ್‌ನ ತ್ರಿಕೋನವನ್ನೇ ತಂದೆ. ದೊಡ್ಡ ಎಲೆಯ ಹೊಟ್ಟೆಯಲ್ಲಿ ಅಲ್ಲಲ್ಲಿ ಇನ್ನೊಂದು ಬಣ್ಣದ ಚುಕ್ಕೆ ಇಟ್ಟರೆ ಹಿಂದಿನ ಎಳೆ ಅಲ್ಲೇ ಕಟ್ಟಿಕೊಳ್ಳುತ್ತದೆ, ನೋಡಲೂ ಚೆಂದ.

ಚೌಕಳಿ ಕಾಗದದಲ್ಲಿ ವಿನ್ಯಾಸ ಬರೆಯಬೇಡಿ. ಹಾಸಿನ ಎಳೆಗಳು ಒತ್ತೊತ್ತಾಗಿ ಇರುತ್ತವೆ, ಹೊಕ್ಕಿನ ಸಾಲುಗಳು ದೂರ ದೂರ. ಕಾಗದದ ಮೇಲಿನ ದುಂಡು ಹೂವು ಮಗ್ಗದಲ್ಲಿ ಸೌತೆಕಾಯಿಯಷ್ಟು ಉದ್ದ ಆಗುತ್ತದೆ. ನೇಯುವ ನೂಲಿನಲ್ಲೇ ಒಂದು ಅಂಗೈ ಅಗಲದ ತುಂಡು ನೇಯ್ದು, ಅದನ್ನು ಅಳೆದು, ಅದೇ ಅಳತೆಗೆ ಉದ್ದುದ್ದ ಮನೆಗಳ ಕಾಗದ ಗೆರೆ ಹಾಕಿಕೊಳ್ಳುತ್ತೇನೆ.

ಗ್ರೀಕ್ ಅಂಚಿನ ಕೋನಗಳು ಸಲೀಸಾಗಿ ಬರುತ್ತವೆ. ಗುಲಾಬಿಯನ್ನು ಮಾತ್ರ ನೇಯುವುದಿಲ್ಲ. ಅದರ ದುಂಡು ಈ ಮಗ್ಗಕ್ಕಲ್ಲ. ಅದನ್ನು ಪಕ್ಕದ ಸಾದಾ ಉಣ್ಣೆ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್‌ ಕಸೂತಿಯಲ್ಲಿ ಹಾಕುತ್ತೇನೆ.

ವಸ್ಮ್ ಗುರುತುಗಳನ್ನು ನಾನು ಮುಟ್ಟುವುದಿಲ್ಲ. ಒಂಟೆಗೆ ಬರೆ ಹಾಕುವ ಕುಲದ ಚಿಹ್ನೆ ಅದು. ಹಳೆಯ ನೇಯ್ಗೆಯಲ್ಲೂ ಕಾಣುತ್ತದೆ, ನೋಡಿದರೆ ಆಸೆಯೂ ಆಗುತ್ತದೆ. ಆದರೆ ಇನ್ನೊಬ್ಬರ ಮನೆತನದ ಗುರುತನ್ನು ಅಲಂಕಾರಕ್ಕೆ ಅಂತ ಎತ್ತಿಕೊಳ್ಳುವುದು ಸರಿಯಲ್ಲ, ಅಲ್ವಾ? ಮಾರುವಾಗ ಚೀಟಿಯಲ್ಲಿ ಶಜರಾ, ಉವೈರ್ಜಾನ್ ಅಂತ ಹೆಸರು ಬರೆಯುತ್ತೇನೆ. ಬಳ್ಳಿ ಯುರೋಪಿನದು ಅಂತಲೂ ಸೇರಿಸುತ್ತೇನೆ.