ಕೂದಲು ಉದುರುತ್ತಿದೆಯಾ? ಮೊದಲು ಕ್ಯಾಲೆಂಡರ್ ತೆಗೆಯಿರಿ

ಕೂದಲು ಉದುರಲು ಶುರುವಾದರೆ ನಮ್ಮ ಜನ ಮೊದಲು ಎಣ್ಣೆ ಬದಲಿಸುತ್ತಾರೆ. ಆಮೇಲೆ ಶಾಂಪೂ. ಅದಕ್ಕೂ ನಿಲ್ಲದಿದ್ದರೆ ತಪ್ಪು ನೀರಿನದ್ದು ಅಂತ ತೀರ್ಮಾನ. ನಾನು ಶಿವಮೊಗ್ಗದಲ್ಲಿ, ದುರ್ಗಿಗುಡಿ ಕಡೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ದಸರಾ, ದೀಪಾವಳಿ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬಂದವರು ಮೊಬೈಲ್ ಚಾಚಿ ಯಾವುದೋ ಬಾಟಲಿಯ ಫೋಟೋ ತೋರಿಸುತ್ತಾರೆ. 'ಇದು ಕೊಡಿ, ಇದಕ್ಕೆ ನಿಲ್ಲುತ್ತಂತೆ' ಅನ್ನುತ್ತಾರೆ. ಯಾಕೆ ಉದುರುತ್ತಿದೆ ಅಂತ ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಕೂದಲು ಉದುರೋಕೆ ಹತ್ತಾರು ಕಾರಣ ಇವೆ. ಕೆಲವಕ್ಕೆ ಔಷಧಿಯೇ ಬೇಡ, ಕೆಲವಕ್ಕೆ ಒಂದು ವಾರ ತಡ ಮಾಡಿದರೂ ಕಷ್ಟ. ಅದಕ್ಕೇ ಇಲ್ಲಿ ಔಷಧಿಗಿಂತ ಮೊದಲು ಕಾರಣ ಹುಡುಕುವ ಕೆಲಸ ಹೇಳುತ್ತೇನೆ.

ಹಂತ 1: ನಿಜವಾಗಿ ಜಾಸ್ತಿ ಉದುರುತ್ತಿದೆಯಾ?

ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ತಲೆಯಲ್ಲಿ ಇರುವುದು ಸುಮಾರು 1 ಲಕ್ಷ. ವಾರಕ್ಕೊಮ್ಮೆ ತಲೆಗೆ ಎರೆದುಕೊಳ್ಳುವವರಿಗೆ ಆ ದಿನ ಬಚ್ಚಲಲ್ಲಿ ಒಂದು ಉಂಡೆ ಸಿಗುತ್ತದೆ. ಅದು ಇಡೀ ವಾರದ ಬಾಬ್ತು, ಹೆದರಬೇಡಿ. ಕೂತು ಎಣಿಸುವುದೂ ಬೇಡ. ಮೊದಲಿಗಿಂತ ಜಡೆ ತೆಳ್ಳಗಾಗಿದೆಯಾ, ರಬ್ಬರ್ ಬ್ಯಾಂಡ್ ಒಂದು ಸುತ್ತು ಜಾಸ್ತಿ ಹಿಡಿಯುತ್ತಿದೆಯಾ, ಅಷ್ಟು ನೋಡಿದರೆ ಸಾಕು.

ಹಂತ 2: ಉದುರಿದ ಕೂದಲನ್ನು ಬಿಳಿ ಹಾಳೆ ಮೇಲೆ ಇಡಿ

ಕಿಟಕಿ ಬೆಳಕಿನಲ್ಲಿ ಅದರ ತುದಿ ನೋಡಿ. ಒಂದು ತುದಿಯಲ್ಲಿ ಎಳ್ಳಿಗಿಂತಲೂ ಎಷ್ಟೋ ಸಣ್ಣ ಬಿಳಿ ಗಂಟು ಇದ್ದರೆ ಅದು ಬುಡದಿಂದ ಉದುರಿದ ಕೂದಲು. ಗಂಟಿಲ್ಲ, ತುಂಡು ತುಂಡಾಗಿದೆ ಅಂದರೆ ಅದು ಉದುರಿದ್ದಲ್ಲ, ಮಧ್ಯದಲ್ಲಿ ಮುರಿದದ್ದು. ಒದ್ದೆ ಕೂದಲನ್ನು ಎಳೆದೆಳೆದು ಬಾಚುವುದು, ಬಿಸಿ ಯಂತ್ರದಲ್ಲಿ ನೇರ ಮಾಡಿಸುವುದು, ಬ್ಲೀಚ್, ಗಡಸು ನೀರು ಎಲ್ಲ ಈ ಮುರಿಯುವ ಲೆಕ್ಕಕ್ಕೆ ಬರುತ್ತವೆ. ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ ನಮ್ಮ ಹುಡುಗ ಹುಡುಗಿಯರು ಬೋರ್‌ವೆಲ್ ನೀರನ್ನು ಬೈಯುತ್ತಾರಲ್ಲ, ಆ ನೀರಿನಿಂದ ಕೂದಲು ಒರಟಾಗಬಹುದು, ಮುರಿಯಬಹುದು. ಬುಡದಿಂದ ಉದುರುತ್ತಿದ್ದರೆ ಕಾರಣ ಬೇರೆ ಕಡೆ ಹುಡುಕಿ.

ಆ ಬಿಳಿ ಗಂಟು ಕಂಡು 'ಬೇರು ಸಮೇತ ಬಂತು, ಇನ್ನು ಹುಟ್ಟಲ್ಲ' ಅಂತ ಅಳುವವರಿದ್ದಾರೆ. ಹಾಗೇನಿಲ್ಲ. ಬೇರು ಚರ್ಮದ ಒಳಗೇ ಉಳಿದಿರುತ್ತದೆ. ಗಂಟು ಉದುರಿದ ಕೂದಲಿನ ತುದಿ ಮಾತ್ರ.

ಹಂತ 3: ಮೂರು ತಿಂಗಳು ಹಿಂದಕ್ಕೆ ಹೋಗಿ

ಎಲ್ಲರೂ ಎಡವುವುದು ಇಲ್ಲಿ. ಸಾವಕಾಶವಾಗಿ ಓದಿ.

ಒಂದು ಕೂದಲು 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆಮೇಲೆ ಬೆಳವಣಿಗೆ ನಿಲ್ಲುತ್ತದೆ. ಹಾಗೆ ನಿಂತ ಕೂದಲು ತಕ್ಷಣ ಬೀಳುವುದಿಲ್ಲ, ಸುಮಾರು ಮೂರು ತಿಂಗಳು ಸುಮ್ನೆ ಬುಡದಲ್ಲೇ ಕೂತು ನಂತರ ಉದುರುತ್ತದೆ. ಆರೋಗ್ಯವಾಗಿದ್ದಾಗ ಹತ್ತರಲ್ಲಿ ಒಂಬತ್ತರಷ್ಟು ಕೂದಲು ಬೆಳೆಯುತ್ತಲೇ ಇರುತ್ತವೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಮಾತ್ರ ತುಂಬಾ ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸುತ್ತವೆ. ಎರಡು ಮೂರು ತಿಂಗಳ ನಂತರ ಒಟ್ಟಿಗೇ ಬೀಳುತ್ತವೆ.

ಅಂದರೆ ಇವತ್ತು ಬಾಚಣಿಗೆಗೆ ಬಂದ ಕೂದಲಿನ ಕಾರಣ ನಿನ್ನೆ ಹಚ್ಚಿದ ಎಣ್ಣೆಯಲ್ಲಿ ಇಲ್ಲ. ಆರಿದ್ರಾ ಮಳೆಯಲ್ಲಿ ಡೆಂಗಿ ಬಂದು ಒಂದು ವಾರ ಮಲಗಿದ್ದವರಿಗೆ ದಸರಾಕ್ಕೆ ಕೂದಲು ಉದುರುತ್ತದೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ. ಬೇಸಿಗೆಯಲ್ಲಿ ಮಂಗನ ಕಾಯಿಲೆ ಬಂದು ಚೇತರಿಸಿಕೊಂಡವರು ಮಳೆ ಹಿಡಿಯುವ ಹೊತ್ತಿಗೆ 'ಈ ಥಂಡಿಗೆ ಕೂದಲು ಹೋಯ್ತು' ಅನ್ನುತ್ತಾರೆ.

ಹಾಗಾಗಿ ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದು, ಉದುರಲು ಶುರುವಾದ ತಿಂಗಳಿಗೆ ಒಂದು ಗುರುತು ಹಾಕಿ. ಅಲ್ಲಿಂದ ಎರಡು, ಮೂರು, ನಾಲ್ಕು ತಿಂಗಳು ಹಿಂದೆ ಏನಾಗಿತ್ತು ಅಂತ ಮನೆಯವರನ್ನೂ ಕೇಳಿ ಬರೆಯಿರಿ. ಜೋರು ಜ್ವರ ಬಂದಿತ್ತಾ? ಟೈಫಾಯ್ಡ್, ಇಲಿ ಜ್ವರ, ಕೊರೊನಾ, ಯಾವುದಾದರೂ ಸರಿ. ಆಪರೇಷನ್ ಆಗಿತ್ತಾ? ಊಟ ಬಿಟ್ಟು ತೂಕ ಇಳಿಸಿದ್ದಿರಾ? ಮನೆಯಲ್ಲಿ ಸಾವಾಗಿತ್ತಾ, ನಿದ್ದೆಗೆಟ್ಟ ದಿನಗಳಿದ್ದವಾ? ಗರ್ಭನಿರೋಧಕ ಮಾತ್ರೆ ನಿಲ್ಲಿಸಿದ್ದಿರಾ? ಹೊಸ ಔಷಧಿ ಯಾವುದಾದರೂ ಶುರುವಾಗಿತ್ತಾ? ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆ, ರಕ್ತ ತೆಳುಮಾಡುವ ಔಷಧಿ, ಮೊಡವೆಗೆ ನುಂಗುವ ಮಾತ್ರೆ ಕೂಡ ಕೂದಲು ಉದುರಿಸಬಹುದು. ಅನುಮಾನ ಬಂದರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ಹೇಳಿ.

ಬಾಣಂತಿಯರದ್ದು ಇದೇ ಕಥೆ. ಬಸುರಿಯಲ್ಲಿ ಹಾರ್ಮೋನ್ ಕೂದಲನ್ನು ಉದುರಲು ಬಿಡುವುದಿಲ್ಲ, ಜಡೆ ಸೊಂಪಾಗಿರುತ್ತದೆ. ಹೆರಿಗೆಯಾದ ಮೇಲೆ ತಡೆದಿದ್ದೆಲ್ಲ ಒಟ್ಟಿಗೆ ಬೀಳುತ್ತದೆ. ಮಗು ಕವುಚಿಕೊಳ್ಳಲು ಶುರು ಮಾಡುವ ಹೊತ್ತಿಗೆ ತಾಯಿಯ ದಿಂಬಿನ ತುಂಬ ಕೂದಲು. ಹಾಲೂಡಿಸುವುದರಿಂದ ಹೀಗಾಯಿತು ಅಂತ ಹಾಲು ಬಿಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಇಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ, ಕೂದಲು ವಾಪಸ್ ಬರುತ್ತದೆ. ಹಣೆ ಅಂಚಿನಲ್ಲಿ ಪುಟ್ಟ ಪುಟ್ಟ ಹೊಸ ಕೂದಲು ನೆಟ್ಟಗೆ ನಿಂತಿರುವುದು ಕಂಡರೆ ಅದೇ ಗುರುತು. ಈಗ ಒಂದು ವಿಷಯ ಯೋಚಿಸಿ. ಉದುರುವುದು ಜೋರಾಗಿದ್ದಾಗ ಒಬ್ಬರು ದುಬಾರಿ ಎಣ್ಣೆ ತರುತ್ತಾರೆ. ಎರಡು ತಿಂಗಳಿಗೆ ಉದುರುವುದು ನಿಲ್ಲುತ್ತದೆ. ಹೇಗೂ ನಿಲ್ಲುತ್ತಿತ್ತು. ಆದರೆ ಹೆಸರು ಎಣ್ಣೆಗೆ ಹೋಯಿತು, ಊರಿಗೆಲ್ಲ ಸುದ್ದಿಯಾಯಿತು. ಮೊಬೈಲ್‌ನಲ್ಲಿ ಮಾರುವ ಎಷ್ಟೋ ಎಣ್ಣೆಗಳಿಗೆ ಹೆಸರು ಬರುವುದು ಹೀಗೇ.

ಹಂತ 4: ಎಲ್ಲಿ ತೆಳ್ಳಗಾಗಿದೆ, ನೋಡಿ

ಜ್ವರ, ಬಾಣಂತನದ್ದಾದರೆ ತಲೆ ಪೂರ್ತಿ ತೆಳ್ಳಗಾಗುತ್ತದೆ. ಗಂಡಸರಿಗೆ ಹಣೆಯ ಎರಡು ಮೂಲೆ ಮೇಲೇರಿ ನೆತ್ತಿ ಖಾಲಿಯಾಗುತ್ತಿದ್ದರೆ, ಹೆಂಗಸರಿಗೆ ಬೈತಲೆ ಅಗಲವಾಗುತ್ತಿದ್ದರೆ ಅದು ವಂಶದಿಂದ ಬಂದದ್ದು. ತಾಯಿಯ ತಂದೆಯಿಂದ ಮಾತ್ರ ಬರುತ್ತದೆ ಅನ್ನುವ ಮಾತು ಪೂರ್ತಿ ನಿಜವಲ್ಲ, ಎರಡೂ ಕಡೆಯಿಂದ ಬರಬಹುದು. ಇದರಲ್ಲಿ ಡಿಎಚ್‌ಟಿ ಅನ್ನುವ ಹಾರ್ಮೋನ್‌ಗೆ ಬುಡ ಸೊರಗಿ, ಪ್ರತಿ ಸಲ ಹುಟ್ಟುವ ಕೂದಲು ಹಿಂದಿನದಕ್ಕಿಂತ ಸಣ್ಣಗಾಗುತ್ತಾ ಹೋಗುತ್ತದೆ. ಇದು ತಾನಾಗಿ ನಿಲ್ಲುವುದಿಲ್ಲ. ಹುಡುಗಿಯರಿಗೆ ಇದರ ಜೊತೆ ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು ಇದ್ದರೆ ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಒಂದು ತೊಂದರೆ) ಇದೆಯಾ ಅಂತ ತೋರಿಸಿ.

ನಾಣ್ಯದಷ್ಟು ದುಂಡಗೆ ನುಣ್ಣಗೆ ಖಾಲಿಯಾದರೆ ನಮ್ಮಲ್ಲಿ 'ಹುಳ ತಿಂದಿದೆ' ಅನ್ನುತ್ತಾರೆ. ಅಲ್ಲಿ ಹುಳ ಇಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಬೆಳ್ಳುಳ್ಳಿ, ಮೆಣಸು, ಈರುಳ್ಳಿ ತಿಕ್ಕಿ ಚರ್ಮ ಸುಟ್ಟುಕೊಂಡು ಬರುತ್ತಾರೆ, ನೋಡೋಕೆ ಆಗುವುದಿಲ್ಲ. ಚರ್ಮರೋಗ ತಜ್ಞರು ಆ ಜಾಗಕ್ಕೇ ಸಣ್ಣ ಸೂಜಿಯಲ್ಲಿ ಸ್ಟೀರಾಯ್ಡ್ ಕೊಡುತ್ತಾರೆ, ಸಣ್ಣ ಮಚ್ಚೆಗಳಲ್ಲಿ ಹೆಚ್ಚಿನವು ತುಂಬಿಕೊಳ್ಳುತ್ತವೆ. ಮಕ್ಕಳ ತಲೆಯಲ್ಲಿ ಪೊರೆ ಎದ್ದು, ತುರಿಕೆಯಾಗಿ, ಕೂದಲು ಮುರಿದಿದ್ದರೆ ಅದು ಶಿಲೀಂಧ್ರದ ಸೋಂಕು. ಬರೀ ಮುಲಾಮಿಗೆ ಹೋಗುವುದಿಲ್ಲ, ಕೆಲವು ವಾರ ಮಾತ್ರೆ ಬೇಕು. ಅವರ ಬಾಚಣಿಗೆ, ಟವೆಲ್ ಬೇರೆ ಇಡಿ.

ಬಿಗಿಯಾಗಿ ಎಳೆದು ಹೆಣೆದ ಜಡೆಯಿಂದ ಹಣೆಯಂಚು ಹಿಂದೆ ಸರಿದಿದ್ದರೆ ಜಡೆ ಸಡಿಲ ಮಾಡಿ. ಅಷ್ಟೇ.

ಖಾಲಿಯಾದ ಜಾಗ ಹೊಳೆಯುತ್ತಿದೆ, ಕೂದಲು ಹುಟ್ಟುವ ರಂಧ್ರವೇ ಕಾಣುತ್ತಿಲ್ಲ, ಉರಿ ಅಥವಾ ನೋವಿದೆ ಅಂದರೆ ಈ ಲೇಖನ ಇಲ್ಲಿಗೇ ಬಿಟ್ಟು ಈ ವಾರವೇ ವೈದ್ಯರ ಹತ್ತಿರ ಹೋಗಿ. ಅಲ್ಲಿ ಬುಡವೇ ಗಾಯವಾಗಿ ಮುಚ್ಚಿಹೋಗುತ್ತಿರುತ್ತದೆ, ಹೋದ ಕೂದಲು ವಾಪಸ್ ಬರುವುದಿಲ್ಲ.

ಹಂತ 5: ರಕ್ತ ಪರೀಕ್ಷೆ

ರಕ್ತದ ಪೂರ್ಣ ಎಣಿಕೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್, ಥೈರಾಯ್ಡ್ ನೋಡುವ ಟಿಎಸ್‌ಎಚ್. ಹೆಚ್ಚಿನವರಿಗೆ ಶುರುವಿನಲ್ಲಿ ಇಷ್ಟು ಸಾಕು. ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ, ಅಲ್ಲಿ ತೋರಿಸಿ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ಅದು ಥೈರಾಯ್ಡ್ ಫಲಿತಾಂಶವನ್ನು ತಪ್ಪು ತೋರಿಸಬಹುದು. ಬಯೋಟಿನ್ ಕೊರತೆ ಅಪರೂಪ. ಬಣ್ಣ ಬಣ್ಣದ ಡಬ್ಬಿಯಲ್ಲಿ ಬರುವ ಮಿಠಾಯಿಯಂಥ ಕೂದಲ ಮಾತ್ರೆಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ವಿಟಮಿನ್ ಎ, ಸೆಲೆನಿಯಂ ಅತಿಯಾದರೆ ಅದರಿಂದಲೇ ಕೂದಲು ಉದುರುತ್ತದೆ.

ಕಬ್ಬಿಣದ ಅಂಶ ಕಮ್ಮಿ ಇದ್ದು ಮಾತ್ರೆ ಕೊಟ್ಟಿದ್ದರೆ ಕಾಫಿ ಜೊತೆ ನುಂಗಬೇಡಿ. ಮಲೆನಾಡಿನಲ್ಲಿ ಈ ಮಾತು ಎಷ್ಟು ಸಲ ಹೇಳಿದರೂ ಕಡಿಮೆ. ಕಾಫಿ, ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಒಂದೆರಡು ಗಂಟೆ ಅಂತರ ಇರಲಿ, ನಿಂಬೆ ಪಾನಕದ ಜೊತೆ ತಗೊಂಡರೆ ಒಳ್ಳೆಯದು.

ಹಂತ 6: ಹೊಟ್ಟು ಮತ್ತು ಮಳೆಗಾಲ

ನಮ್ಮ ಮಳೆಗಾಲದಲ್ಲಿ ಉದ್ದ ಕೂದಲು ಒಣಗುವುದೇ ಇಲ್ಲ. ಒದ್ದೆ ತಲೆಗೇ ತುರುಬು ಕಟ್ಟಿ ಕೆಲಸಕ್ಕೆ ಇಳಿದರೆ ಹೊಟ್ಟು, ತುರಿಕೆ ಗ್ಯಾರಂಟಿ. ಹೊಟ್ಟಿಗೆ ಎಣ್ಣೆ ಸುರಿಯಬೇಡಿ, ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಎಣ್ಣೆಯನ್ನೇ ತಿಂದು ಬೆಳೆಯುತ್ತದೆ. ಶೇ 2ರ ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಹಚ್ಚಿ ಮೂರರಿಂದ ಐದು ನಿಮಿಷ ಬಿಡಿ. ತಕ್ಷಣ ತೊಳೆದರೆ ದುಡ್ಡು ಬಚ್ಚಲಿಗೆ.

ಕೊಬ್ಬರಿ ಎಣ್ಣೆ, ದಾಸವಾಳ ಸೊಪ್ಪಿನ ಗೊಂಪು, ಸೀಗೆಕಾಯಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಕೂದಲು ನಯವಾಗಿರಲು, ಮುರಿಯದಿರಲು ಕೊಬ್ಬರಿ ಎಣ್ಣೆಯಷ್ಟು ಒಳ್ಳೆಯದು ಅಂಗಡಿಯಲ್ಲಿ ಕಮ್ಮಿ. ಬೋಳಾಗುತ್ತಿರುವ ನೆತ್ತಿಯಲ್ಲಿ ಕೂದಲು ಹುಟ್ಟಿಸುವ ಶಕ್ತಿ ಮಾತ್ರ ಅದಕ್ಕಿಲ್ಲ.

ಹಂತ 7: ವಂಶದ್ದೇ ಆದರೆ, ಮಿನಾಕ್ಸಿಡಿಲ್

ಇದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದು ನೋಡಿ ತಲೆಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಅನುಮತಿ ಸಿಕ್ಕಿತು. ಒಳ್ಳೆಯ ಔಷಧಿ. ಹಚ್ಚುವ ರೀತಿ ಮಾತ್ರ ಹತ್ತರಲ್ಲಿ ಎಂಟು ಜನರದ್ದು ತಪ್ಪು.

ತಲೆ ಒಣಗಿರಬೇಕು, ಎಣ್ಣೆ ಇರಬಾರದು. ಬೇಕಿದ್ದರೆ ತಲೆಗೆ ಎರೆದುಕೊಳ್ಳುವ ಒಂದು ಗಂಟೆ ಮುಂಚೆ ಎಣ್ಣೆ ಹಚ್ಚಿ ತೊಳೆದುಬಿಡಿ. ಡ್ರಾಪರ್‌ನಲ್ಲಿ 1 ಮಿಲಿ ಗೆರೆವರೆಗೆ ಎಳೆಯಿರಿ. ಬಾಚಣಿಗೆಯಿಂದ ತೆಳ್ಳಗಿರುವ ಜಾಗದಲ್ಲಿ ಬೈತಲೆ ತೆಗೆದು, ಕಾಣುವ ಚರ್ಮದ ಮೇಲೆ ಒಂದೊಂದೇ ಹನಿ ಬಿಡಿ. ಒಂದು ಬೆರಳು ಪಕ್ಕಕ್ಕೆ ಇನ್ನೊಂದು ಬೈತಲೆ, ಮತ್ತೆ ಹನಿ. ಬೆರಳ ತುದಿಯಲ್ಲಿ ಮೆಲ್ಲಗೆ ಹರಡಿ, ಎಣ್ಣೆಯ ಹಾಗೆ ತಿಕ್ಕಬೇಡಿ. ಹೆಚ್ಚಿನವರು ಅಂಗೈಗೆ ಸುರಿದು ಕೂದಲಿಗೆ ಸವರುತ್ತಾರೆ. ಔಷಧಿ ಕೂದಲಿಗೆ ಹೋಯಿತು, ಚರ್ಮಕ್ಕೆ ಏನೂ ಸಿಗಲಿಲ್ಲ. ಗಂಡಸರಿಗೆ ಸಾಮಾನ್ಯವಾಗಿ ಶೇ 5ರದ್ದು, ದಿನಕ್ಕೆ ಎರಡು ಹೊತ್ತು. ಹೆಂಗಸರಿಗೆ ಎಷ್ಟು, ಎಷ್ಟು ಸಲ ಅನ್ನುವುದನ್ನು ವೈದ್ಯರು ಹೇಳಲಿ. ಜಾಸ್ತಿ ಹಚ್ಚಿದರೆ ಬೇಗ ಬೆಳೆಯುವುದಿಲ್ಲ, ತಲೆಸುತ್ತು, ಎದೆಬಡಿತ ಬರಬಹುದು.

ಹಚ್ಚಿದ ಮೇಲೆ ಕೈ ತೊಳೆಯಿರಿ. ನಾಲ್ಕು ಗಂಟೆ ತಲೆ ಒದ್ದೆ ಮಾಡಬೇಡಿ. ರಾತ್ರಿ ಮಲಗುವುದಕ್ಕೆ ಎರಡು ಗಂಟೆ ಮುಂಚೆಯೇ ಹಚ್ಚಿ, ಇಲ್ಲದಿದ್ದರೆ ದಿಂಬಿಗೆ ಹತ್ತಿ ಕೆನ್ನೆಯಲ್ಲಿ ಕೂದಲು ಬರುತ್ತದೆ. ತುರಿಕೆ ಜಾಸ್ತಿಯಾದರೆ ನೊರೆ ರೂಪದ್ದು ಕೇಳಿ, ಹೆಚ್ಚಾಗಿ ಸರಿಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ತುಂಬಾ ಜೋಪಾನ. ಸ್ವಲ್ಪ ನೆಕ್ಕಿದರೂ ಅದಕ್ಕೆ ವಿಷ. ಬಸುರಿಯರು, ಹಾಲೂಡಿಸುವವರು ಹಚ್ಚಬಾರದು. ಹೃದಯದ ತೊಂದರೆ ಇರುವವರು ಕೇಳದೆ ಶುರು ಮಾಡಬಾರದು.

ಇನ್ನು ಮುಖ್ಯ ವಿಷಯ. ಶುರು ಮಾಡಿದ ಎರಡರಿಂದ ಎಂಟು ವಾರದೊಳಗೆ ಕೂದಲು ಮೊದಲಿಗಿಂತ ಜಾಸ್ತಿ ಉದುರಬಹುದು. ಸುಮ್ಮನೆ ಕೂತಿದ್ದ ಹಳೆ ಕೂದಲನ್ನು ತಳ್ಳಿ ಹೊಸದು ಹೊರಡುವುದರಿಂದ ಹೀಗಾಗುತ್ತದೆ. ಎಲ್ಲರೂ ಔಷಧಿ ಬಿಡುವುದು ಇದೇ ಹೊತ್ತಿನಲ್ಲಿ. 'ಇದ್ದದ್ದೂ ಹೋಯ್ತು' ಅಂತ ಅರ್ಧ ಬಾಟಲಿ ವಾಪಸ್ ತರುತ್ತಾರೆ. ಬಿಡಬೇಡಿ. ನಾಲ್ಕರಿಂದ ಆರು ತಿಂಗಳಿಗೆ ಗುಣ ಕಾಣಲು ಶುರು, ಸರಿಯಾಗಿ ಅಳೆಯಲು ಒಂದು ವರ್ಷ. ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಬೈತಲೆ, ಅದೇ ಹೊತ್ತಿನಲ್ಲಿ ಫೋಟೋ ತೆಗೆದಿಡಿ. ಕನ್ನಡಿ ದಿನಾ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಿಲ್ಲಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಬಂದದ್ದು ಹೋಗುತ್ತದೆ ಅನ್ನುವುದನ್ನೂ ತಿಳಿದೇ ಶುರು ಮಾಡಿ.

ಬಾಟಲಿ ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದಿ. ಕೆಲವದರಲ್ಲಿ ಡಿಎಚ್‌ಟಿ ತಗ್ಗಿಸುವ ಫಿನಾಸ್ಟರೈಡ್ ಅನ್ನುವ ಔಷಧಿ ಬೆರೆಸಿರುತ್ತಾರೆ. ಗಂಡ ತಂದ ಬಾಟಲಿಯನ್ನೇ ಹೆಂಡತಿಯೂ ಹಚ್ಚಿಕೊಳ್ಳುವ ಮನೆಗಳಿವೆ. ಆಕೆ ಬಸುರಿಯಾದರೆ ಗಂಡು ಮಗುವಿನ ಬೆಳವಣಿಗೆಗೆ ಇದು ಅಪಾಯ.

ಹಂತ 8: ಮಾತ್ರೆ, ಕಸಿ

ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ ಗಂಡಸರಿಗೆ 1997ರಿಂದ ಇದೆ. ಡಿಎಚ್‌ಟಿ ತಯಾರಾಗುವುದನ್ನು ತಗ್ಗಿಸುತ್ತದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಸ್ವಲ್ಪ ಜನಕ್ಕೆ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಮಂಕಾಗುವುದು ಉಂಟು. ಹಾಗಾದರೆ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ. ಚೀಟಿ ಇಲ್ಲದೆ ಕೇಳಬೇಡಿ, ನಾವು ಕೊಡುವುದೂ ಇಲ್ಲ. ನುಂಗುತ್ತಿರುವಾಗ, ಬಿಟ್ಟ ಒಂದು ತಿಂಗಳವರೆಗೂ ರಕ್ತದಾನ ಮಾಡಬಾರದು.

ಸ್ವಂತ ರಕ್ತದ ಪ್ಲಾಸ್ಮಾ ತೆಗೆದು ತಲೆಗೆ ಚುಚ್ಚುವ ಪಿಆರ್‌ಪಿ ಕೆಲವರಿಗೆ ಉಪಯೋಗವಾಗುತ್ತದೆ, ಕೆಲವರಿಗೆ ಇಲ್ಲ. ದುಡ್ಡು ಜಾಸ್ತಿ. ನನ್ನ ಮಾತು ಕೇಳುವುದಾದರೆ ಮಿನಾಕ್ಸಿಡಿಲ್ ಒಂದು ವರ್ಷ ನೆಟ್ಟಗೆ ಹಚ್ಚದೆ ಇದಕ್ಕೆ ಕೈಹಾಕಬೇಡಿ.

ಕೂದಲ ಕಸಿಯಲ್ಲಿ ಹಿಂದಲೆಯ ಕೂದಲನ್ನು ಬುಡಸಮೇತ ತೆಗೆದು ಮುಂದೆ ನೆಡುತ್ತಾರೆ. ಇದು ಶಸ್ತ್ರಚಿಕಿತ್ಸೆ. ಪಾರ್ಲರ್ ಮಹಡಿಯಲ್ಲಿ ಮಾಡಿಸುವಂಥದ್ದಲ್ಲ. ತರಬೇತಿ ಪಡೆದ ವೈದ್ಯರೇ ಮಾಡಬೇಕು, ವಿಡಿಯೋ ನೋಡಿ ಕಲಿತದ್ದು ಸಾಲದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮುಂಗಡ ಕೊಡುವ ಮುಂಚೆ ಕತ್ತರಿ ಹಿಡಿಯುವವರು ಯಾರು, ಅವರ ನೋಂದಣಿ ಸಂಖ್ಯೆ ಏನು ಅಂತ ಕೇಳಿ ಬರೆದುಕೊಳ್ಳಿ. ಇಪ್ಪತ್ತರ ಹರೆಯದವರು ಅವಸರ ಮಾಡಬೇಡಿ. ಉದುರುವುದು ಎಲ್ಲಿಗೆ ನಿಲ್ಲುತ್ತದೆ ಅಂತ ಆ ವಯಸ್ಸಿಗೆ ಗೊತ್ತಾಗುವುದಿಲ್ಲ, ನೆಟ್ಟ ಕೂದಲಿನ ಹಿಂದಿನದು ಉದುರಿ ನಡುವೆ ಖಾಲಿ ಪಟ್ಟಿ ಉಳಿಯುತ್ತದೆ. ಕಸಿಯಾದ ಕೆಲವೇ ವಾರಕ್ಕೆ ನೆಟ್ಟ ಕೂದಲು ಉದುರುತ್ತದೆ, ಬುಡ ಒಳಗೇ ಇರುತ್ತದೆ. ಹೊಸದು ಮೂರು ನಾಲ್ಕು ತಿಂಗಳಿಗೆ ಕಾಣಿಸಿಕೊಂಡು ಪೂರ್ತಿ ತುಂಬಲು ಒಂದು ವರ್ಷ ಬೇಕು. ಅಕ್ಕಪಕ್ಕದ ಹಳೆ ಕೂದಲಿಗೆ ಮಿನಾಕ್ಸಿಡಿಲ್ ಆಗಲೂ ಮುಂದುವರಿಯಬೇಕು.