ಹಳೆಯ ಮಸಿಕಲ್ಲು ಕೈಗೆ ಬಂದರೆ ಹೀಗೆ ನೋಡಿ

ಚೀನಾದ ಮಸಿಕಲ್ಲು ನಮ್ಮ ಗಂಧ ತೇಯುವ ಸಾಣೆಕಲ್ಲಿನ ದೂರದ ನೆಂಟ ಇದ್ದಂತೆ. ನಾವು ಗಂಧದ ಕೊರಡು ತೇಯುತ್ತೇವೆ, ಅವರು ಬರೆಯುವ ಮಸಿಗಾಗಿ ಹೊಗೆಮಸಿ ಮತ್ತು ಪ್ರಾಣಿಗಳ ಅಂಟು ಕಲಸಿ ಒಣಗಿಸಿದ ಮಸಿಗಟ್ಟಿ ತೇಯುತ್ತಾರೆ. ಕಲ್ಲಿನ ಅಂಚಿನಲ್ಲಿ ಬುದ್ಧನ ಶಿಷ್ಯರಾದ ಅರ್ಹಂತರನ್ನೋ ಕಮಲವನ್ನೋ ಕೆತ್ತಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಅಲ್ವಾ? ಕೆತ್ತನೆ ಆಮೇಲೆ ನೋಡೋಣ.

ಮೊದಲು ಮಸಿ ತೇಯುವ ಚಪ್ಪಟೆ ಜಾಗವನ್ನು ಬೆರಳಿಂದ ಸವರಿ. ಒಳ್ಳೆಯ ಕಲ್ಲನ್ನು ಚೀನೀಯರು ಎಳೆ ಮಗುವಿನ ಚರ್ಮಕ್ಕೆ ಹೋಲಿಸುತ್ತಾರೆ. ವರ್ಷಗಟ್ಟಲೆ ತೇಯ್ದಿದ್ದರೆ ಅಲ್ಲಿ ಸಣ್ಣ ತಗ್ಗು ಬಿದ್ದಿರುತ್ತದೆ. ತಗ್ಗಿಲ್ಲದಿದ್ದರೆ ನಕಲಿ ಎಂದು ತಕ್ಷಣ ಹೇಳಬೇಡಿ. ಸುಮ್ನೆ ಅಂದಕ್ಕೆಂದೇ ಇಟ್ಟುಕೊಂಡ ಕಲ್ಲುಗಳೂ ಇವೆ.

ಎರಡನೆಯದು ಸದ್ದು. ಕಲ್ಲನ್ನು ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್‌ನ ಝಾವೋಚಿಂಗ್ ಕಡೆಯ ದುವಾನ್ ಕಲ್ಲು ಮರದಂತೆ ಸದ್ದು ಮಾಡುತ್ತದೆ, ಶೆ ಎಂಬ ಇನ್ನೊಂದು ಹೆಸರಾಂತ ಬಗೆಯ ಕಲ್ಲು ಲೋಹದಂತೆ ಕಣಕಣ ಎನ್ನುತ್ತದೆ. ದುವಾನ್ ಕಲ್ಲಿನಲ್ಲಿ ಕೆಲವೊಮ್ಮೆ 'ಕಣ್ಣು' ಎಂದು ಕರೆಯುವ ದುಂಡನೆಯ ಮಚ್ಚೆಗಳಿರುತ್ತವೆ. ಜಾಣ ಕೆತ್ತನೆಗಾರ ಅದನ್ನೇ ಚಂದ್ರ ಮಾಡಿಬಿಡುತ್ತಾನೆ. ಬೇರೆ ಕಲ್ಲಿನ ಚೂರನ್ನು ಅಂಟಿಸಿ ಕಣ್ಣು ಮಾಡುವವರೂ ಇದ್ದಾರೆ. ಭೂತಗನ್ನಡಿ ಹಿಡಿದು ಸುತ್ತ ಅಂಟಿನ ಗೆರೆ ಹುಡುಕಿ.

ಈಗ ಕೆತ್ತನೆ. ಹುಲಿ ಅಥವಾ ಡ್ರ್ಯಾಗನ್ ಜೊತೆಗಿನ ಸನ್ಯಾಸಿಗಳು, ಉದ್ದ ಹುಬ್ಬಿನ ಮುದುಕರು ಕಂಡರೆ ಅರ್ಹಂತರು. ಮೂಲದಲ್ಲಿ 16, ಚೀನಾದಲ್ಲಿ 18 ಆದರು. ಒಂದೇ ಜೊಂಡಿನ ಮೇಲೆ ನಿಂತು ನದಿ ದಾಟುವ ಗಡ್ಡದವನು ಬೌದ್ಧ ಗುರು ಬೋಧಿಧರ್ಮ. ಅವನು ಚೀನಾಕ್ಕೆ ಹೋದದ್ದು ದಕ್ಷಿಣ ಭಾರತದಿಂದ ಎಂಬ ನಂಬಿಕೆಯಿದೆ. ಬಟ್ಟೆಯ ಮಡಿಕೆಗಳ ಆಳ ನೋಡಿ. ನಿಜವಾಗಿ ಕೂತ ಮಸಿ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಎಲ್ಲೆಡೆ ಒಂದೇ ಸಮ ಕಪ್ಪಾಗಿದ್ದು ಬೂಟ್ ಪಾಲಿಶ್ ವಾಸನೆ ಬಂದರೆ ಕೈ ಬಿಡಿ. ಅಡಿಯಲ್ಲಿರುವ ದೊರೆಯ ಮುದ್ರೆ ಕೊರೆಯುವುದು ಸುಲಭ, ಅದನ್ನು ನೆಚ್ಚಬೇಡಿ.

ತೊಳೆಯಲು ತಣ್ಣೀರು, ಮೆತ್ತನೆಯ ಬಟ್ಟೆ ಸಾಕು. ಸೋಪು, ಉಕ್ಕಿನ ನಾರು ಬೇಡವೇ ಬೇಡ. ಬಲಿತು ಒಣಗಿದ ಹೀರೆಕಾಯಿಯ ನಾರಿನಿಂದ ಉಜ್ಜುವುದು ಚೀನಾದಲ್ಲೂ ಹಳೆಯ ಕ್ರಮವೇ. ಗಟ್ಟಿಯಾಗಿ ಕೂತ ಹಳೆ ಮಸಿ ಹಾಗೇ ಇರಲಿ, ಸಂಗ್ರಾಹಕರಿಗೆ ಅದೂ ಬೇಕು.

ತೇಯ್ದು ನೋಡುವ ಆಸೆಯಿದ್ದರೆ ಕೆಲವೇ ಹನಿ ನೀರು ಹಾಕಿ, ಮಸಿಗಟ್ಟಿಯನ್ನು ನೆಟ್ಟಗೆ ಹಿಡಿದು ನಿಧಾನಕ್ಕೆ ಸುತ್ತಿಸಿ. ರೋಗಿಯ ಕೈಯಂತೆ ಹಗುರವಾಗಿರಬೇಕು ಎಂದು ಚೀನೀ ಮಾತಿದೆ. ಮುಗಿದ ಮೇಲೆ ಗಟ್ಟಿಯನ್ನು ಕಲ್ಲಿನ ಮೇಲೇ ಬಿಡಬೇಡಿ. ನಾನೊಮ್ಮೆ ಮರೆತು ಮಲಗಿದ್ದೆ. ಬೆಳಿಗ್ಗೆ ಕಿತ್ತಾಗ ಕಲ್ಲಿನ ಸಣ್ಣ ಚಕ್ಕೆಯೂ ಜೊತೆಗೆ ಎದ್ದು ಬಂತು.